ಜೋಳವಾಳಿಯ ಗೂಳಿಗಳು

“ಹರಿಯಾಣದ ಹುಡುಗರು ಗೆದ್ದರೆ ಬೆಂಗಳೂರಿಗೇನು ಬಂತು?” ಪ್ರೊ ಕಬಡ್ಡಿ ಲೀಗಿನ ಆರನೆಯ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಪ್ರಶಸ್ತಿಯನ್ನು ಗಳಿಸಿದಾಗ ಈ ಮಾತು ಅಲ್ಲಲ್ಲಿ ಕೇಳಿಬಂತು. ಮಾತು ಒರಟಾದರೂ ಅಸಂಗತವಲ್ಲ. ಆ ತಂಡದ ಪ್ರಮುಖ ಆಟಗಾರರಲ್ಲಿ ಹೆಚ್ಚಿನವರು ಹರಿಯಾಣ, ದೆಹಲಿಗಳ ಕಡೆಯವರು. ಮುಖ್ಯ ತರಬೇತುದಾರ ರಣಧೀರ್ ಸಿಂಗ್ ಅವರೂ ಉತ್ತರದವರೇ. ಅವರನ್ನು ಒಂದುಗೂಡಿಸಿದ್ದು ಹರಾಜಿನ ಹಣ. ಅವರಿಗೆ ಬೆಂಗಳೂರೆಂಬುದು ಅಂಗಿಯ ಮೇಲೆ ಬರೆದ ಹೆಸರು. ಹಾಗಿರುವಾಗ ಆ ಗೆಲುವನ್ನು ನಮ್ಮದೆಂದು ಕೊಂಡಾಡುವುದು ಭ್ರಮೆಯಲ್ಲವೆ?

ಈ ಶಂಕೆಗೆ ಸಮಾಧಾನವು ಕ್ರೀಡಾಶಾಸ್ತ್ರದಲ್ಲಿಲ್ಲ. ನಮ್ಮ ಹಳೆಯ ಸಾಹಿತ್ಯದಲ್ಲಿದೆ. ಪ್ರಾಚೀನ ಕನ್ನಡದ ವೀರಧರ್ಮದಲ್ಲಿ ವೇಳೆವಾಳಿ, ಜೋಳವಾಳಿ ಎಂಬ ಎರಡು ಕಟ್ಟುಗಳುಂಟು. ಒಡೆಯನೊಂದಿಗೆ ತಾನೂ ಅಳಿಯುವೆನೆಂಬ ಆಣೆಯದು ಮೊದಲನೆಯದು. ಹಳೇಬೀಡಿನಲ್ಲಿ ವೀರಬಲ್ಲಾಳನ ಗರುಡನಾದ ಕುವರಲಕ್ಷ್ಮನ ಕಂಬ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಉಂಡ ಜೋಳದ ಋಣಕ್ಕಾಗಿ ಕಾದುವುದು ಎರಡನೆಯದು. ಜೋಳವಾಳಿಯವನು ಯಾವ ಊರಿನವನು, ಯಾವ ಕುಲದವನು ಎಂದು ಯಾರೂ ಕೇಳಲಿಲ್ಲ. ಉಂಡುದಕ್ಕೆ ತಕ್ಕಂತೆ ಹೋರಾಡಿದನೆ ಎಂಬುದೊಂದೇ ಪ್ರಶ್ನೆ. ಪಾಂಡವರು ಒಡಹುಟ್ಟಿದವರೆಂದು ತಿಳಿದ ಮೇಲೂ ದುರ್ಯೋಧನನನ್ನು ತೊರೆಯದ ಕರ್ಣನನ್ನು ಪಂಪನು ಹಾಡಿ ಹೊಗಳಿದ್ದು ಈ ಧರ್ಮದ ಹಿನ್ನೆಲೆಯಲ್ಲಿಯೇ. ಕೂಲಿಯ ಆಳೆಂಬುದು ಆ ಕಾಲದಲ್ಲಿ ಬೈಗುಳವಾಗಿರಲಿಲ್ಲ.

ಬೆಂಗಳೂರಿನ ಹೆಸರೇ ಮೊದಲಬಾರಿಗೆ ನಮಗೆ ದೊರೆಯುವುದು ಇಂಥದೊಂದು ಸಂದರ್ಭದಲ್ಲಿ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು 890ರದೆಂದು ವಿದ್ವಾಂಸರು ಗಣಿಸಿರುವ ಶಾಸನವು, ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮನೆಮಗ ಬುಟ್ಟಣಸೆಟ್ಟಿ ಮಡಿದನೆಂದು ತಿಳಿಸುತ್ತದೆ. ಮನೆಮಗನೆಂದರೆ ಹೆತ್ತ ಮಗನಲ್ಲ, ಮನೆಯ ಆಶ್ರಯದಲ್ಲಿದ್ದ ಆಳು. ಊರಿನ ಹೆಸರನ್ನು ಕಲ್ಲಿನಲ್ಲಿ ಉಳಿಸಿದವನು ಅದರ ಒಡೆಯನಲ್ಲ, ಪರರ ಅನ್ನವನ್ನು ಉಂಡು ಕಾದಿದವನು.

ಇನ್ನು ಆ ಋತುವಿನ ಮಾತು. 2018ರ ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರು ಇರಾನಿಗೆ 18–27ರಿಂದ ಸೋತಿದ್ದರು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಸೇರ್ಪಡೆಯಾದಂದಿನಿಂದ ಕೈಬಿಡದಿದ್ದ ಚಿನ್ನ ಕೈಬಿಟ್ಟಿತು. ಆ ಗಾಯ ಹಸಿಯಾಗಿರುವಾಗಲೇ, ಅಕ್ಟೋಬರ್ 7ರಂದು, 12 ತಂಡಗಳ ಲೀಗು ಚೆನ್ನೈಯಲ್ಲಿ ಆರಂಭವಾಯಿತು. ಬುಲ್ಸ್ ತಂಡಕ್ಕೆ ರೋಹಿತ್ ಕುಮಾರ್ ನಾಯಕ. ತರಬೇತುದಾರರ ಬಳಗದಲ್ಲಿ ನಮ್ಮವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ. ಸಿ. ರಮೇಶ್ ಇದ್ದರು. 2015ರಲ್ಲಿ ಅಂತಿಮ ಪಂದ್ಯದವರೆಗೆ ಏರಿ ಮುಂಬೈ ತಂಡಕ್ಕೆ ಮಣಿದದ್ದೇ ಅದುವರೆಗಿನ ಅದರ ದೊಡ್ಡ ಸಾಧನೆ.

ಮೊದಲ ಪಂದ್ಯದಲ್ಲಿಯೇ ತಮಿಳು ತಲೈವಾಸ್ ತಂಡವನ್ನು 48–37ರಿಂದ ಮಣಿಸಿದಾಗ ಪವನ್ ಸೆಹ್ರಾವತ್ ಎಂಬ ದೆಹಲಿಯ ತರುಣ ಎಲ್ಲರ ಕಣ್ಣಿಗೆ ಬಿದ್ದ. ಹಿಂದೊಮ್ಮೆ ಇದೇ ತಂಡದಲ್ಲಿದ್ದು, ಅನಂತರ ಗುಜರಾತಿಗೆ ಹೋಗಿ, ಅಲ್ಲಿ ಹೆಚ್ಚಿನ ಅವಕಾಶ ಸಿಗದೆ ಮರಳಿದವನು. ಹಿಡಿಯಲೆಂದು ಬಾಗಿ ಬಂದವರ ಬೆನ್ನ ಮೇಲಿಂದಲೇ ಹಾರಿ ನಡುಗೆರೆಯನ್ನು ಸೇರುವ ಅವನ ಕೌಶಲವನ್ನು ಕಂಡವರು, ಇದು ನೆಲದ ಮೇಲಿನ ಆಟವೆಂಬುದನ್ನೇ ಮರೆತರು. ಆ ಋತುವಿನಲ್ಲಿ ಅವನು ದಾಳಿಯಿಂದ ಗಳಿಸಿದ ಅಂಕಗಳು 271. ತಂಡ ತನ್ನ ವಲಯದಲ್ಲಿ ಅಗ್ರಸ್ಥಾನ ಪಡೆಯಿತು. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಗುಜರಾತನ್ನು 41–29ರಿಂದ ಸೋಲಿಸಿ ಅಂತಿಮ ಘಟ್ಟವನ್ನು ಮುಟ್ಟಿತು. ಆ ಗುಜರಾತೇ ಮತ್ತೆ ಎದುರಾಯಿತು.

2019ರ ಜನವರಿ 5, ಶನಿವಾರ, ಮುಂಬೈ. ಮೊದಲ 20 ನಿಮಿಷ ಕಳೆದಾಗ ಬೆಂಗಳೂರಿನ ಅಂಕ 9, ಗುಜರಾತಿನದು 16. ಕಬಡ್ಡಿಯನ್ನು ಬಲ್ಲವರಿಗೆ ಏಳು ಅಂಕದ ಹಿನ್ನಡೆಯ ಅರ್ಥ ಗೊತ್ತು. ಅಂಕಣದಲ್ಲಿ ಜನ ಕಡಮೆ, ದಾಳಿಗೆ ಹೋದವನ ಮೇಲೆ ಎಲ್ಲ ಭಾರ. ಅವನೂ ಸಿಕ್ಕಿಬಿದ್ದರೆ ತಂಡವೇ ಬರಿದಾಗಿ ಎದುರಾಳಿಗೆ ಇನ್ನೆರಡು ಅಂಕ. ಆದರೆ ಈ ಆಟದಲ್ಲಿ ಒಂದು ಕರುಣೆಯೂ ಉಂಟು. ಕ್ರಿಕೆಟ್ಟಿನಲ್ಲಿ ಔಟಾದವನು ಡೇರೆ ಸೇರಿದರೆ ಮುಗಿಯಿತು. ಇಲ್ಲಿ ಒಬ್ಬನು ಉಸಿರು ಹಿಡಿದು ಹೋಗಿ ಎದುರಾಳಿಯನ್ನು ಮುಟ್ಟಿ ಬಂದರೆ ಹೊರಗೆ ಕುಳಿತ ಜೊತೆಗಾರ ಮರಳಿ ಒಳಗೆ ಬರುತ್ತಾನೆ. ಮಕ್ಕಳ ಮಾತಿನಲ್ಲಿ ಹೇಳುವುದಾದರೆ, ಸತ್ತವನು ಬದುಕುತ್ತಾನೆ. ಪವನ್ ಹಾಗೆ ಒಬ್ಬೊಬ್ಬರನ್ನಾಗಿ ಬದುಕಿಸಿದ. ಉತ್ತರಾರ್ಧದಲ್ಲಿ ಬೆಂಗಳೂರು ಗಳಿಸಿದ ಅಂಕ 29. ಕೊನೆಗೆ 38–33. ಅವುಗಳಲ್ಲಿ 22 ಅಂಕ ಅವನೊಬ್ಬನವು, ಅದೂ ತನ್ನನ್ನು ಬೆಂಚಿನ ಮೇಲೆ ಕೂರಿಸಿದ್ದ ತಂಡದ ವಿರುದ್ಧ.

ಈ ಗೆಲುವನ್ನು ತನ್ನದೆಂದುಕೊಂಡವರಲ್ಲಿ ಲಗ್ಗೆರೆಯ ಜನರೂ ಇದ್ದರು. ಪೀಣ್ಯದ ಕೈಗಾರಿಕೆಗಳ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಯ ಇಕ್ಕಟ್ಟಾದ ಬೀದಿಗಳಲ್ಲಿ, ಚೌಡೇಶ್ವರಿನಗರದ ಬಾಡಿಗೆಯ ಮನೆಗಳಲ್ಲಿ, ಲೇತ್ ಯಂತ್ರದ ಮುಂದೆ ನಿಲ್ಲುವವರು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಪಾಳಿಯ ಮೇಲೆ ದುಡಿಯುವವರು ವಾಸವಾಗಿದ್ದಾರೆ. ಇವರಲ್ಲಿ ಯಾರನ್ನಾದರೂ “ಯಾವೂರು?” ಎಂದು ಕೇಳಿ ನೋಡಿ. ಕುಣಿಗಲ್ ಕಡೆ ಎಂದೊಬ್ಬರು, ಅರಕಲಗೂಡು ಎಂದೊಬ್ಬರು, ರಾಯಚೂರೆಂದು ಮತ್ತೊಬ್ಬರು. ಇಪ್ಪತ್ತು ವರ್ಷ ಇಲ್ಲಿಯೇ ಕಳೆದವರ ಬಾಯಿಂದಲೂ ಲಗ್ಗೆರೆ ಎಂಬ ಉತ್ತರ ಬರುವುದು ಅಪೂರ್ವ. ಆದರೂ ಈ ಮಹಾನಗರದ ತಿರುಪುಮೊಳೆಯಿಂದ ಹಿಡಿದು ತೊಡುವ ಅಂಗಿಯವರೆಗೆ ಎಲ್ಲದರಲ್ಲಿಯೂ ಇವರ ಬೆವರಿದೆ. ಇವರೂ ಜೋಳವಾಳಿಗಳೇ. ಹರಿಯಾಣದ ಹುಡುಗ ಬೆಂಗಳೂರಿನವನು ಹೇಗಾದಾನೆಂಬ ಪ್ರಶ್ನೆಯನ್ನು ನಾನು ಕೇಳಿದ್ದು ಊರಿನ ಹಳಬರ ನಡುವೆಯೇ ಹೊರತು ಲಗ್ಗೆರೆಯ ಹೋಟೆಲಿನ ದೂರದರ್ಶನದ ಮುಂದೆ ನಿಂತವರ ಬಾಯಲ್ಲಿ ಅಲ್ಲ. ಅಲ್ಲದೆ, ಅವರಿಗೆ ಕಬಡ್ಡಿ ಹೊಸ ವಿಷಯವೂ ಅಲ್ಲ. ಹಬ್ಬದ ದಿನಗಳಲ್ಲಿ ಊರಿನ ಶಾಲೆಯ ಮೈದಾನದಲ್ಲಿ ನಡೆಯುವ ‘ಹೊನಲು ಬೆಳಕಿನ’ ಪಂದ್ಯಾವಳಿಯ ಮಣ್ಣನ್ನು ಮೈಗೆ ಮೆತ್ತಿಕೊಂಡು ಬಂದವರು ಅವರು.

ಹರಾಜು ನಮ್ಮವರನ್ನೂ ಹೊರಗೆ ಕಳುಹಿಸಿತೆಂಬುದನ್ನು ಮರೆಯಲಾಗದು. ಅದೇ ಋತುವಿನಲ್ಲಿ ಪ್ರಶಾಂತ್ ಕುಮಾರ್ ರೈ, ಜೀವಾ ಕುಮಾರ್ ಉತ್ತರಪ್ರದೇಶದ ಪರವಾಗಿಯೂ ಸುಕೇಶ್ ಹೆಗ್ಡೆ ತಮಿಳುನಾಡಿನ ಪರವಾಗಿಯೂ ಆಡಿದರು. ರಮೇಶ್ ಅವರು ಮರುವರ್ಷವೇ ಬಂಗಾಳ ತಂಡವನ್ನೂ, 2024ರ ಮಾರ್ಚಿನಲ್ಲಿ ಪುಣೆ ತಂಡವನ್ನೂ ಪ್ರಶಸ್ತಿಗೆ ಮುಟ್ಟಿಸಿದರು. ಬಂಗಾಳದವರು ಅವರ ಊರನ್ನು ಕೇಳಿದ ಹಾಗಿಲ್ಲ. ಪವನನೂ 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳು ತಲೈವಾಸ್ ತಂಡಕ್ಕೆ ಹೋದ. ಬೇರೊಂದು ಮನೆಯ ಜೋಳ. ಅದರಲ್ಲಿ ದ್ರೋಹವೇನೂ ಇಲ್ಲ.

ನನ್ನ ತಕರಾರು ಆಳಿನ ಮೇಲಲ್ಲ, ಒಡೆಯನ ಮೇಲೆ. ಜೋಳವಾಳಿಗೆ ಎರಡು ಬದಿಗಳು. ಬೇಗೂರಿನದೇ ಇನ್ನೊಂದು ವೀರಗಲ್ಲು, ನಾಗತ್ತರನು ಕಾದಿ ಸತ್ತ ಮೇಲೆ ದೊರೆ ಎರೆಯಪ್ಪನು ಇರುಗನೆಂಬವನಿಗೆ ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟುದನ್ನು ಹಳ್ಳಿಗಳ ಹೆಸರುಸಹಿತ ದಾಖಲಿಸಿದೆ. ಕಾದಿದವರ ಕಡೆಯವರಿಗೆ ನೆಲ ಕೊಡುವುದು ಒಡೆಯನ ಪಾಲಿನ ಧರ್ಮ. ಬೆಂಗಳೂರಿನ ಹೆಸರಿನಲ್ಲಿ ಗೆದ್ದ ಈ ತಂಡಕ್ಕೆ ಆ ಋತುವಿನಲ್ಲಿ ಬೆಂಗಳೂರಿನಲ್ಲಿ 13 ಮೀಟರ್ ಉದ್ದದ, 10 ಮೀಟರ್ ಅಗಲದ ಅಂಕಣವೊಂದು ದೊರೆಯಲಿಲ್ಲ. ತವರಿನ ಪಂದ್ಯಗಳೆಂಬವು ನಡೆದದ್ದು ಪುಣೆಯಲ್ಲಿ! ಅದರ ಹಿಂದಿನ ವರ್ಷ ನಾಗಪುರದಲ್ಲಿ. 2019ರಲ್ಲಿ ಕಂಠೀರವ ಒಳಾಂಗಣದ ಬಾಗಿಲು ತೆರೆಯಿತು. 2021ರ ಡಿಸೆಂಬರಿನಿಂದ ಇಡೀ ಲೀಗು ವೈಟ್‌ಫೀಲ್ಡಿನ ಒಂದೇ ಸಭಾಂಗಣದಲ್ಲಿ ನಡೆದಾಗ ಸಾಂಕ್ರಾಮಿಕದ ನಿಮಿತ್ತ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಊರಿನೊಳಗಿದ್ದೂ ತಂಡ ಊರಿಗೆ ಕಾಣಲಿಲ್ಲ. ಮತ್ತೆರಡು ಋತು ಕಂಠೀರವದಲ್ಲಿ ಒಂದಿಷ್ಟು ದಿನ. 2024ರಲ್ಲಿ ಹೈದರಾಬಾದು, ನೊಯಿಡಾ, ಪುಣೆ; ಆ ವರ್ಷ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ಬುಲ್ಸ್ ಕೊನೆಯ ಸ್ಥಾನಕ್ಕಿಳಿಯಿತು. 2025ರಲ್ಲಿ ರಮೇಶ್ ಅವರೇ ಮುಖ್ಯ ತರಬೇತುದಾರರಾಗಿ ಬಂದರು. ಆ ಋತುವಿನ ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ನಡೆದವು. ಲಗ್ಗೆರೆಯವರು ಅವನ್ನೂ ಹೋಟೆಲಿನ ಪರದೆಯ ಮೇಲೆಯೇ ನೋಡಿದರು.