ಮಲಕ್ಕಾದ ಮೇರೆ

ಕಡಲು ತನ್ನ ಮೇರೆಯನ್ನು ಮೀರದು ಎಂಬುದು ನಮ್ಮ ಹಿಂದಿನ ಕವಿಗಳಿಗೆ ಪ್ರಿಯವಾದ ಮಾತು. ದಡವೇ ಆ ಮೇರೆ. ಆದರೆ ಕಡಲಿನೊಳಗೆ ಮನುಷ್ಯನು ಎಳೆದುಕೊಂಡ ಮೇರೆಗಳ ಸಂಗತಿ ಬೇರೆ. ಅವನ್ನು ಅಲೆ ಅರಿಯದು, ಕಳ್ಳನು ಲೆಕ್ಕಿಸನು. ಕಾವಲುಗಾರನು ಮಾತ್ರ ದಾಟುವಂತಿಲ್ಲ. ಈ ತೊಡಕನ್ನು ನೆರೆಯ ನಾಡುಗಳು ಹೇಗೆ ಬಿಡಿಸಿಕೊಳ್ಳಬಲ್ಲವು ಎಂಬುದಕ್ಕೆ ಮಲಕ್ಕಾ ಜಲಸಂಧಿಯ ನಿದರ್ಶನವನ್ನು ನಿಮ್ಮ ಮುಂದಿಡಬಯಸುತ್ತೇನೆ.

ಇಂಡೊನೇಷ್ಯದ ಸುಮಾತ್ರಾ ದ್ವೀಪಕ್ಕೂ ಮಲಯ ಪರ್ಯಾಯದ್ವೀಪಕ್ಕೂ ನಡುವೆ ಸುಮಾರು 800 ಕಿಲೋಮೀಟರು ಚಾಚಿರುವ ಈ ನೀರಿನ ಓಣಿಯಲ್ಲಿ ಹಡಗಿನ ದಾರಿ ಸಿಂಗಪುರದ ಬಳಿ ಮೂರು ಕಿಲೋಮೀಟರಿಗಿಂತಲೂ ಕಿರಿದಾಗುತ್ತದೆ. ಹಿಂದೂ ಮಹಾಸಾಗರದಿಂದ ಚೀನಾ, ಜಪಾನುಗಳಿಗೆ ಸಾಗುವ ತೈಲದ ಹಡಗುಗಳಿಗೆ ಇದೇ ಹೆದ್ದಾರಿ. ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ನೀರು ಆಯಾ ರಾಷ್ಟ್ರಕ್ಕೆ ಸೇರಿದ್ದು. ಹಡಗನ್ನು ದೋಚಿದವನು ನೆರೆರಾಷ್ಟ್ರದ ನೀರನ್ನು ಹೊಕ್ಕೊಡನೆ, ಬೆನ್ನಟ್ಟಿ ಬಂದ ಕಾವಲುನೌಕೆ ನಿಲ್ಲಬೇಕೆಂಬುದು ಅಂತರರಾಷ್ಟ್ರೀಯ ಕಡಲ ಕಾನೂನು.

2001ರ ಬಳಿಕ ಕಳ್ಳರ ಅಂಜಿಕೆಗೆ ಭಯೋತ್ಪಾದಕರ ಅಂಜಿಕೆಯೂ ಕೂಡಿತು. 2004ರ ಫೆಬ್ರವರಿಯಲ್ಲಿ ಮನಿಲಾ ಕೊಲ್ಲಿಯಲ್ಲಿ ಅಬು ಸಯ್ಯಾಫ್ ಗುಂಪು ಸಿಡಿಸಿದ ಬಾಂಬಿಗೆ ಒಂದು ಪ್ರಯಾಣಿಕ ಹಡಗಿನ 116 ಜನ ಬಲಿಯಾದರು. ತೈಲದ ಹಡಗನ್ನೇ ಅಪಹರಿಸಿ ಬಂದರಿಗೆ ನುಗ್ಗಿಸಿದರೆ ಗತಿಯೇನು? ಅದೇ ವರ್ಷ ಅಮೆರಿಕವು ಈ ಕಾವಲಿಗೆ ನೆರವಾಗುವ ಯೋಜನೆಯನ್ನು ಮುಂದಿಟ್ಟಾಗ ಇಂಡೊನೇಷ್ಯ, ಮಲೇಷ್ಯಗಳು ಒಪ್ಪಲಿಲ್ಲ. ಹೊರಗಿನವರು ಬೇಡವೆಂದ ಮೇಲೆ ಮನೆಯವರೇ ಕಾಯಬೇಕಷ್ಟೆ. ಆದರೆ ಇವರು ಹಳೆಯ ಗೆಳೆಯರೇನಲ್ಲ. ಮಲೇಷ್ಯದ ರಚನೆಯನ್ನೇ ವಿರೋಧಿಸಿ 1963ರಿಂದ 1966ರವರೆಗೆ ಇಂಡೊನೇಷ್ಯ ಆಯುಧವೆತ್ತಿತ್ತು.

ಆದರೂ 2004ರ ಜುಲೈಯಲ್ಲಿ ಇವೆರಡೂ ಸಿಂಗಪುರವೂ ಕೂಡಿ ಗಸ್ತು ಆರಂಭಿಸಿದವು. ಪ್ರತಿಯೊಬ್ಬರ ನೌಕೆಯೂ ತನ್ನ ನೀರಿನಲ್ಲೇ ಇರುವುದು. ಕಳ್ಳನು ಗೆರೆ ದಾಟಿದರೆ ಅತ್ತಣವರಿಗೆ ಸುದ್ದಿ ಮುಟ್ಟಿಸುವುದು. 2005ರ ಸೆಪ್ಟೆಂಬರಿನಲ್ಲಿ ವಿಮಾನದ ಗಸ್ತೂ ಸೇರಿತು. ವಿಮಾನವು ನೆರೆಯವರ ನೀರಿನ ಮೇಲೂ ಒಪ್ಪಿದ ಮಿತಿಯವರೆಗೆ ಹಾರಬಹುದು. ಆದರೆ ಅದರೊಳಗೆ ಪಾಲುಗೊಂಡ ನಾಡುಗಳ ಅಧಿಕಾರಿಗಳೆಲ್ಲರೂ ಜೊತೆಗಿರಬೇಕು. 2008ರಲ್ಲಿ ಥಾಯ್ಲೆಂಡೂ ಈ ಕೂಟವನ್ನು ಸೇರಿತು.

2005ರ ಜೂನಿನಲ್ಲಿ ಲಂಡನ್ನಿನ ಹಡಗುವಿಮೆದಾರರ ಸಮಿತಿಯೊಂದು ಈ ಜಲಸಂಧಿಯನ್ನು ಯುದ್ಧಾಪಾಯದ ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. 2006ರ ಆಗಸ್ಟಿನಲ್ಲಿ ಹೆಸರನ್ನು ತೆಗೆದುಹಾಕಿತು. ಶ್ರೇಯಸ್ಸೆಲ್ಲ ಗಸ್ತಿನದೇ ಎನ್ನಲಾಗದು. ಸುಮಾತ್ರಾದ ಉತ್ತರ ತುದಿಯ ಬಂಡಾಯವು 2005ರ ಆಗಸ್ಟಿನಲ್ಲಿ ಸಂಧಾನದಿಂದ ಕೊನೆಗಂಡುದೂ ಒದಗಿಬಂತು. ಈಚಿನ ವರ್ಷಗಳಲ್ಲಿ ಸಿಂಗಪುರದ ಜಲಸಂಧಿಯಲ್ಲಿ ಕಳವುಗಳು ಮತ್ತೆ ಹೆಚ್ಚಿವೆ. ಬೇಲಿ ಕಟ್ಟಿದ ಮೇಲೂ ಒಕ್ಕಲಿಗನು ರಾತ್ರಿ ಅಟ್ಟಣೆ ಏರಲೇಬೇಕಾಗುತ್ತದೆ.

ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ ಒಂದೇ. ಪರಸ್ಪರ ವಿಶ್ವಾಸ ಬಲಿಯಲೆಂದು ಈ ನಾಡುಗಳು ಕಾದು ಕೂರಲಿಲ್ಲ. ತಮ್ಮೊಳಗಿನ ಶಂಕೆಯನ್ನು ಒಪ್ಪಿಕೊಂಡು, ಅದಕ್ಕೂ ವಿಮಾನದಲ್ಲೊಂದು ಆಸನವನ್ನು ಕೊಟ್ಟವು. ನೆರೆಹೊರೆಯ ವಿಶ್ವಾಸವು ಹೀಗೆ ಒಂದೇ ಕೆಲಸದಲ್ಲಿ ಜೊತೆಗೆ ಕುಳಿತವರ ನಡುವೆ ಮೆಲ್ಲನೆ ಬೆಳೆಯತಕ್ಕದ್ದು.