ಬಾವಿಯ ಮುಳುಗೂ ಕಡಲ ಮುಳುಗೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಾವಿಗಳಲ್ಲಿ ಈಜು ಕಲಿತವನಿಗೆ ಮುಳುಗುವುದೆಂದರೆ ಉಸಿರು ಬಿಗಿಹಿಡಿಯುವುದೆಂದೇ ಅರ್ಥ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಂಡೆಗೋಡೆಯ ಬಳಿ, ಗಾಳಿಯ ಕೊಳವೆಯನ್ನು ಬೆನ್ನಿಗೆ ಕಟ್ಟಿ ಇಳಿಯುವವನಿಗೆ, ಈ ಅಭ್ಯಾಸವೇ ಪ್ರಾಣಾಂತಿಕವಾದುದು. ಧಾತುವೊಂದೇ ಆದರೂ ಕ್ರಿಯೆ ಒಂದಲ್ಲ. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲಣದಕ್ಕಿಂತ ಇಮ್ಮಡಿಯಾಗುತ್ತದೆ. ಬಾವಿಯವನ ಎದೆಯ ಗಾಳಿ ಇಳಿಯುವಾಗ ಕುಗ್ಗಿ, ಏರುವಾಗ ಮೊದಲಿನಷ್ಟೇ ಆಗುವುದು. 1943ರಲ್ಲಿ ಫ್ರಾನ್ಸಿನ ಕುಸ್ತೋ, ಗಾನ್ಯಾನರು ರೂಪಿಸಿದ ಉಪಕರಣವಾದರೋ ಆಳದ ಒತ್ತಡಕ್ಕೆ ಸಮನಾದ ಗಾಳಿಯನ್ನೇ ಒದಗಿಸುತ್ತದೆ. ಅದನ್ನು ಎದೆತುಂಬ ಎಳೆದುಕೊಂಡು ಬಾಯಿ ಬಿಗಿದು ಮೇಲೇರಿದರೆ, ಗಾಳಿಯು ಇಮ್ಮಡಿಯಾಗಲೆಳಸಿ ಶ್ವಾಸಕೋಶವನ್ನೇ ಸೀಳಬಲ್ಲುದು. ಆದುದರಿಂದ ಎಡೆಬಿಡದೆ ಉಸಿರಾಡುತ್ತ ಮೆಲ್ಲಮೆಲ್ಲನೆ ಏರತಕ್ಕದ್ದು. ಬಾವಿಯ ಪಾವಟಿಗೆಯಂತೆ ಬಂಡೆಯನ್ನು ಆಸರೆಗೆ ಹಿಡಿಯುವುದೂ ಸಲ್ಲದು; ಅದಕ್ಕಂಟಿ ಬೆಳೆದ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಗೆ ಒಳಪಟ್ಟಿವೆ.