ಹಿಡಿದ ಬ್ರೇಕು, ಬಿಡಿಸುವ ಕಸುಬು

ಮಳೆಗಾಲ ಮುಗಿದು ಶೆಡ್ಡಿನ ಬಾಗಿಲು ತೆಗೆದಾಗ ಮಲೆನಾಡು, ಕರಾವಳಿಯ ಅದೆಷ್ಟೋ ಹಳೇ ಕಾರುಗಳದ್ದು ಒಂದೇ ದೂರು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಗೇರ್ ಬೀಳುತ್ತದೆ. ಕ್ಲಚ್ ಬಿಟ್ಟರೆ ಕಾರಿನ ಮೂತಿ ತುಸು ಮೇಲೆದ್ದು ಎಂಜಿನ್ ಬಂದ್! ಹ್ಯಾಂಡ್ ಬ್ರೇಕ್ ಕೆಳಗಿಳಿಸಿದ್ದರೂ ಹಿಂದಿನ ಚಕ್ರಗಳು ಕದಲುವುದಿಲ್ಲ. ದಿನಾ ಓಡುವ ಗಾಡಿಗಳಲ್ಲಿ ಇದೇ ಕಾಯಿಲೆ ಮೆಲ್ಲಗೆ ಬರುತ್ತದೆ. ಕಾರು ಭಾರ ಎಳೆದಂತೆ ಓಡುತ್ತದೆ, ಮೈಲೇಜ್ ಇಳಿಯುತ್ತದೆ, ನಿಲ್ಲಿಸಿ ಇಳಿದರೆ ಹಿಂದಿನ ಚಕ್ರದ ಬಳಿ ಸುಟ್ಟ ವಾಸನೆ. ಗ್ಯಾರೇಜಿಗೆ ಒಯ್ದರೆ ಮೇಸ್ತ್ರಿ ಒಂದೇ ಮಾತು ಹೇಳುತ್ತಾರೆ: ‘ಬ್ರೇಕ್ ಹಿಡ್ಕೊಂಡಿದೆ.’

ಹಿಡಿದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲಿ ಹಿಡಿದಿದೆ ಎಂಬುದು ಗೊತ್ತಾಗಬೇಕಾದರೆ ಕಸುಬು ಬೇಕು. ಈ ಕಾರುಗಳ ಬ್ರೇಕಿಗೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಜೋಡಿಸಿದರೆ ಉತ್ತರ ಸಿಗುವುದಿಲ್ಲ. ಕೈ, ಕಿವಿ, ಮೂಗು ಮತ್ತು ಕ್ರಮ ತಪ್ಪದ ಯೋಚನೆ, ಇಷ್ಟನ್ನೇ ನಂಬಿ ನಮ್ಮ ಸಣ್ಣ ಗ್ಯಾರೇಜುಗಳು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿವೆ.

ಡ್ರಮ್ಮಿನ ಒಳಗೆ

ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿವರೆಗೆ ತಯಾರಾದ ಈ ಪುಟ್ಟ ಕಾರಿನ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್. ಆ್ಯಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಹಿಂದಿನ ಬ್ರೇಕೂ ಇದೇ ಜಾತಿಯದು. ಚಕ್ರದ ಜತೆ ತಿರುಗುವ ಕಬ್ಬಿಣದ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿರುತ್ತವೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪಿನಲ್ಲಿ ಒತ್ತಡ ತಂದು ವೀಲ್ ಸಿಲಿಂಡರಿನ ಪಿಸ್ಟನ್‌ಗಳನ್ನು ತಳ್ಳುತ್ತದೆ. ಪಿಸ್ಟನ್‌ಗಳು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಕಾಲು ತೆಗೆದಾಗ ಅವನ್ನು ಒಳಕ್ಕೆ ಎಳೆದುಕೊಳ್ಳುವ ಕೆಲಸ ಸ್ಪ್ರಿಂಗುಗಳದ್ದು. ಹ್ಯಾಂಡ್ ಬ್ರೇಕ್ ಎಳೆದಾಗ ಇದೇ ಶೂಗಳನ್ನು ಕೇಬಲ್ ಮೂಲಕ ಒಂದು ಲಿವರ್ ಅಗಲಿಸುತ್ತದೆ.

ಹಾಗಾಗಿ ಶೂ ಹಿಂದಕ್ಕೆ ಬಾರದಿರಲು ಕಾರಣಗಳು ಹಲವು. ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದಿರಬಹುದು, ವೀಲ್ ಸಿಲಿಂಡರಿನ ಪಿಸ್ಟನ್ ಜಾಮ್ ಆಗಿರಬಹುದು, ಸ್ಪ್ರಿಂಗ್ ಸೋತಿರಬಹುದು. ಪೈಪಿನೊಳಗೆ ಒತ್ತಡವೇ ಉಳಿದಿರಬಹುದು. ತಿಂಗಳುಗಟ್ಟಲೆ ಒದ್ದೆಯಲ್ಲಿ ನಿಂತ ಗಾಡಿಯಲ್ಲಿ ಶೂ ಮೇಲಿನ ಲೈನಿಂಗೇ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ.

ಒಂದೊಂದಾಗಿ ಸಡಿಲಿಸಿ

ಒಳ್ಳೆಯ ಮೇಸ್ತ್ರಿ ಮೊದಲು ಬಿಡಿಭಾಗದ ಅಂಗಡಿಗೆ ಆಳು ಕಳಿಸುವುದಿಲ್ಲ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಬರೀ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ಕೈ ಹಾಕುವುದಿಲ್ಲ. ಮಾರುತಿಯಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಆದ್ದರಿಂದ ಗೇರಿನಲ್ಲಿ ಬಿಟ್ಟರೂ ಹಿಂದಿನವು ತಿರುಗುತ್ತವೆ. ಆ್ಯಂಬಾಸಡರ್, ಪದ್ಮಿನಿ ಹಿಂದಿನ ಚಕ್ರದಿಂದ ಓಡುವ ಗಾಡಿಗಳು, ಅವನ್ನು ನ್ಯೂಟ್ರಲ್‌ಗೆ ತರಬೇಕು. ಆಮೇಲೆ ಎರಡೂ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಹಿಡಿದದ್ದು ಒಂದೋ, ಎರಡೋ? ಒಂದೇ ಆದರೆ ತೊಂದರೆ ಬಹುಪಾಲು ಆ ಚಕ್ರದಲ್ಲೇ ಇದೆ. ಎರಡೂ ಆದರೆ, ಎರಡಕ್ಕೂ ಸೇರಿದ ಕೇಬಲ್, ಆಯಿಲ್ ಒಯ್ಯುವ ರಬ್ಬರ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರಿನ ಮೇಲೆ ಅನುಮಾನ.

ಮೊದಲು ಹ್ಯಾಂಡ್ ಬ್ರೇಕ್ ಕೇಬಲಿನ ಅಡ್ಜಸ್ಟಿಂಗ್ ನಟ್ಟನ್ನು ಪೂರ್ತಿ ಸಡಿಲಿಸುತ್ತಾರೆ. ಚಕ್ರ ಬಿಟ್ಟುಕೊಂಡಿತೆಂದರೆ ಕಳ್ಳ ಕೇಬಲಿನಲ್ಲೇ ಇದ್ದಾನೆ. ಬಿಡದಿದ್ದರೆ ಪೆಡಲನ್ನು ನಾಲ್ಕಾರು ಬಾರಿ ಒತ್ತಿ ಬಿಟ್ಟು, ವೀಲ್ ಸಿಲಿಂಡರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲನ್ನು ಒಂದಿಷ್ಟು ತಿರುಗಿಸುತ್ತಾರೆ. ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕಾಲು ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿತ್ತು ಎಂದಾಯಿತು. ಸಡಿಲವಾಗದಿದ್ದರೆ ಡ್ರಮ್ ಬಿಚ್ಚಲೇಬೇಕು.

ಒತ್ತಡ ಉಳಿಯಲು ಹಳೇ ರಬ್ಬರ್ ಹೋಸ್ ಬಹಳ ಸಲ ಕಾರಣ. ಹೊರಗೆ ಚೆನ್ನಾಗಿಯೇ ಕಾಣುವ ಹೋಸಿನ ಒಳಪದರ ಉಬ್ಬಿ, ಕಿತ್ತು, ಬಾವಿ ಪಂಪಿನ ಫುಟ್ ವಾಲ್ವಿನಂತೆ ಕೆಲಸ ಮಾಡತೊಡಗುತ್ತದೆ. ಕಾಲಿನ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಸ್ಪ್ರಿಂಗಿನ ಬಲಕ್ಕೆ ಹಿಂದೆ ಬರುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಹೋಸಿಗೂ ಮೊದಲು ಇರುವ ಪೈಪಿನ ಜೋಡಣೆಯನ್ನು ಸಡಿಲಿಸುತ್ತಾರೆ. ಅಲ್ಲಿ ಬಿಚ್ಚಿದರೂ ಚಕ್ರ ಬಿಡದಿದ್ದರೆ ಹೋಸ್ ಕೆಟ್ಟಿದೆ. ಬಿಟ್ಟರೆ ನೋಡಬೇಕಾದ್ದು ಮಾಸ್ಟರ್ ಸಿಲಿಂಡರನ್ನು. ಪೆಡಲಿಗೆ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗಿನ ತುಸು ಸಡಿಲ, ಇಲ್ಲದಿದ್ದರೆ ಅಲ್ಲಿನ ಸಣ್ಣ ರಂಧ್ರ ಮುಚ್ಚಿಕೊಂಡೇ ಇರುತ್ತದೆ. ಕಾದು ಹಿಗ್ಗಿದ ಆಯಿಲ್‌ಗೆ ಮರಳುವ ದಾರಿ ಇಲ್ಲದೆ, ಓಡಿದಷ್ಟೂ ಬ್ರೇಕ್ ಬಿಗಿಯಾಗುತ್ತದೆ. ತಣ್ಣಗಾದ ಮೇಲೆ ತಾನೇ ಬಿಡುವ ಬ್ರೇಕಿನಲ್ಲಿ ಈ ಗುಟ್ಟು ಅಡಗಿರುವುದುಂಟು.

ಬಿಚ್ಚಿದ ಮೇಲೆ

ವರ್ಷಗಟ್ಟಲೆ ಕೂತ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಲೈನಿಂಗ್ ತಿಂದ ಜಾಗದ ಅಂಚಿನಲ್ಲಿ ಏಳುವ ದಿಬ್ಬಕ್ಕೆ ಶೂಗಳು ತಗಲಿಕೊಳ್ಳುತ್ತವೆ. ಸುತ್ತಿಗೆಯಿಂದ ಬೀಸಿ ಹೊಡೆದರೆ ಎರಕದ ಕಬ್ಬಿಣ ಸೀಳುತ್ತದೆ. ಮಾರುತಿಯ ಡ್ರಮ್ಮಿನಲ್ಲಿ ಇದಕ್ಕೆಂದೇ ಥ್ರೆಡ್ ಇರುವ ಎರಡು ತೂತುಗಳಿವೆ. 8 ಮಿ.ಮೀ. ಬೋಲ್ಟುಗಳನ್ನು ಅವುಗಳಲ್ಲಿ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಗೆ ಜರುಗುತ್ತದೆ.

ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬಾರದು, ಗಾಳಿ ಪೈಪೂ ಹಿಡಿಯಬಾರದು. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಬೇಕು. ನುರಿತವರು ಒಮ್ಮೆಗೆ ಒಂದೇ ಕಡೆಯ ಶೂ ಬಿಚ್ಚುತ್ತಾರೆ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬ ಗೊಂದಲ ಬಂದರೆ ನೋಡಿಕೊಳ್ಳಲು ಇನ್ನೊಂದು ಕಡೆ ಹಾಗೇ ಇರುತ್ತದೆ.

ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿದಾಗ ಒಳಗೆ ಕಂದು ರಾಡಿ ಕಂಡರೆ ನೀರು ಸೇರಿದೆ ಎಂದರ್ಥ. ಒಳಗೋಡೆ ನುಣುಪಾಗಿದ್ದರೆ ತೊಳೆದು ಹೊಸ ರಬ್ಬರ್ ಕಿಟ್ ಹಾಕಬಹುದು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಬೇಕು. ಶೂ ಅಂಚು ಉಜ್ಜುವ ಹಿಂದಿನ ತಟ್ಟೆಯ ಜಾಗಗಳನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಬಿಸಿ ತಾಳುವ ಗ್ರೀಸನ್ನು ತೆಳ್ಳಗೆ ಸವರುತ್ತಾರೆ. ಲೈನಿಂಗಿಗೆ ಅದು ತಾಕುವಂತಿಲ್ಲ. ಶೂ ಬದಲಿಸಿದರೆ ಎರಡೂ ಚಕ್ರಗಳಿಗೆ ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಕೊನೆಗೆ ಪೈಪಿನಲ್ಲಿ ಸೇರಿದ ಗಾಳಿ ತೆಗೆದು, ಮೊದಲು ಶೂ, ಆಮೇಲೆ ಹ್ಯಾಂಡ್ ಬ್ರೇಕ್ ಕೇಬಲ್ ಹೊಂದಿಸಬೇಕು. ಈ ಕ್ರಮ ತಿರುಗುಮುರುಗಾದರೆ ಬ್ರೇಕ್ ಮತ್ತೆ ಹಿಡಿಯುತ್ತದೆ.

ಕಾರಿನವರ ಪಾಲಿನ ಕೆಲಸ

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಆಯಿಲ್‌ಗೆ ಅದು 140 ಡಿಗ್ರಿ ಮಾತ್ರ. ಆ ತೇವವೇ ಸಿಲಿಂಡರಿಗೆ ತುಕ್ಕನ್ನೂ ತರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ ಹನಿಯೂ ಬೀಳಬಾರದು, ರಬ್ಬರುಗಳೆಲ್ಲ ಊದಿಕೊಳ್ಳುತ್ತವೆ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟು ನೆಲದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ. ವಾರಕ್ಕೊಮ್ಮೆಯಾದರೂ ಸ್ವಲ್ಪ ದೂರ ಓಡಿಸಿ.

ಗ್ಯಾರೇಜಿಗೆ ಹೋದಾಗ ಇನ್ನೊಂದು ಮಾತು ನೆನಪಿರಲಿ. ಪರೀಕ್ಷೆ ಮಾಡದೆ ಕೇಬಲ್, ಶೂ, ಸಿಲಿಂಡರ್ ಎಲ್ಲ ಬದಲಿಸಿದರೂ ಹೋಸ್ ಹಳೆಯದೇ ಉಳಿದರೆ ಬ್ರೇಕ್ ಮತ್ತೆ ಹಿಡಿಯುತ್ತದೆ, ದುಡ್ಡು ಮಾತ್ರ ಕರಗಿರುತ್ತದೆ. ಕಾರಣ ಹುಡುಕಲು ಮೇಸ್ತ್ರಿಗೆ ಸಮಯ ಕೊಡಿ, ಹುಡುಕಿದ ಕೆಲಸಕ್ಕೂ ಕೂಲಿ ಕೊಡಿ. ಬಿಚ್ಚಿದ ಭಾಗವನ್ನು ತೋರಿಸಿ ಕಾರಣ ವಿವರಿಸುವ ಮೇಸ್ತ್ರಿ ನಿಮ್ಮೂರಿನಲ್ಲಿದ್ದರೆ ಅವರನ್ನು ಬಿಡಬೇಡಿ.